ಕಾಯಿ ತೂಗ್ತದೆ, ಮೀನು ಎಳೀತದೆ

ಕ್ಲಬ್ಬಿನಲ್ಲಿ ಗಾಳದ ಕೋಲು ರಿಪೇರಿ ಮಾಡುವ ಕೆಲಸಕ್ಕೆ ಹೊಸದಾಗಿ ಮೂರು ಜನ ಸೇರಿದ್ದಾರಂತೆ. ಅವರಿಗೆ ದಾರಿ ತೋರಿಸುವ ಹಾಗೆ ನಿಮ್ಮ ಅನುಭವ ಬರೆದುಕೊಡಿ, ಸ್ವಲ್ಪ ಸಂತೋಷದ ಧಾಟಿಯಲ್ಲಿರಲಿ ಎಂದು ಈಗಿನ ಆಫೀಸಿನವರು ಫೋನ್ ಮಾಡಿ ಕೇಳಿದರು. ಬರೆದುಕೊಡುತ್ತೇನೆ. ಸಂತೋಷವನ್ನು ಅವರೇ ಆಮೇಲೆ ಬೇಕಾದಷ್ಟು ಸೇರಿಸಿಕೊಳ್ಳಲಿ. ಇಪ್ಪತ್ತಾರು ವರ್ಷ ಕೆರೆ ಏರಿಯ ಮೇಲೆ ಕೂತು ಮುರಿದ ಕೋಲು ಕಟ್ಟಿದವನು ನಾನು. ನಿವೃತ್ತಿಯಾಗಿ ಎರಡು ವರ್ಷವಾದರೂ ಆ ಕೆಲಸ ನೆನೆದರೆ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಎಂದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮೊದಲು ಈ ಮೂವರಿಗೇ ಒಂದು ಮಾತು. ಮೊನ್ನೆ ತಿಪಟೂರಿನಲ್ಲಿ ನಿಮ್ಮಲ್ಲೊಬ್ಬರು ಸಿಕ್ಕಿದ್ದರು. ತುದಿ ಮುರಿದ ರಾಡು ತಂದವರಿಗೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. ಹೊಸದು ತಗೊಳ್ಳಿ ಅಂತ ಹೇಳ್ತೀನಿ ಸಾರ್, ರಿಪೇರಿ ವರ್ಕೌಟ್ ಆಗಲ್ಲ ಎಂದರು. ಮತ್ತೆ ನಿಮ್ಮನ್ನು ಇಟ್ಟುಕೊಂಡಿರುವುದು ಯಾತಕ್ಕೆ? ಹೊಸದು ತಗೊಳ್ಳಿ ಅನ್ನಲಿಕ್ಕೆ ಅಂಗಡಿಯವನು ಇದ್ದಾನಲ್ಲ. ತುದಿ ಮುರಿದದ್ದು ಕಾಯಿಲೆಯೇ ಅಲ್ಲ, ನೆಗಡಿ. ಮುರಿದ ಜಾಗವನ್ನು ಸಣ್ಣ ಗರಗಸದಲ್ಲಿ ನೇರವಾಗಿ ಕತ್ತರಿಸಿ, ದಾರ ಹಾಯುವ ತುದಿಯ ಉಂಗುರವನ್ನು ಕಾಯಿಸಿ ಹಳೇ ಅಂಟು ಬಿಡಿಸಿ, ಹೊಸ ಅಂಟು ಹಚ್ಚಿ ಕೂರಿಸಿ, ಕೆಳಗಿನ ಉಂಗುರಗಳ ನೇರಕ್ಕೆ ತಿರುಗಿಸಿ. ಹತ್ತು ನಿಮಿಷದ ಕೆಲಸ. ಕೋಲು ನಾಲ್ಕು ಬೆರಳು ಗಿಡ್ಡವಾಗುತ್ತದೆ, ಅಷ್ಟೇ. ಗಿಡ್ಡವಾದದ್ದು ಮೀನಿಗೆ ಗೊತ್ತಾಗುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಸೈಕಲ್ ಶಾಪಿನಿಂದ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾಲ್ಕು ತಗಡು ಹೊದಿಸಿದ ನನ್ನದೊಂದು ಅಂಗಡಿ ಇತ್ತು. ಒಂದು ಭಾನುವಾರ ಬೆಳಿಗ್ಗೆ ಕಾರು ನಿಂತು, ಇಳಿದವರೊಬ್ಬರು ಎರಡು ತುಂಡಾದ ಫೈಬರ್ ಕೋಲು ತೋರಿಸಿ, ಇದಕ್ಕೆ ಏನಾದರೂ ಮಾಡಲಿಕ್ಕಾಗುತ್ತದೆಯಾ ಎಂದರು. ಒಳಗೆ ಟೊಳ್ಳಿತ್ತು. ಸೈಕಲ್ ಚಕ್ರದ ಕಡ್ಡಿ ಎರಡು ಸೇರಿಸಿ ಟೊಳ್ಳಿನೊಳಗೆ ತೂರಿಸಿದೆ, ಅಂಟು ತುಂಬಿದೆ, ಮೇಲೆ ನೈಲಾನ್ ದಾರ ಸುತ್ತಿ ಬಿಸಿಲಿಗಿಟ್ಟೆ. ಅದು ಮೀನು ಹಿಡಿಯುವ ಕೋಲು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಟ್ಟುತ್ತಿದ್ದೆನೋ ಇಲ್ಲವೋ. ಮುಂದಿನ ಭಾನುವಾರ ಅವರೇ ಮತ್ತೆ ಮೂರು ಮುರಿದ ಕೋಲು ಹಿಡಿದುಕೊಂಡು ಬಂದರು. ಅವರು ಗಾಳದ ಕ್ಲಬ್ಬೊಂದರ ಸೆಕ್ರೆಟರಿ, ಬೆಂಗಳೂರಿನಲ್ಲಿ ಎಂಜಿನಿಯರು. ನೊಣವಿನಕೆರೆಗೂ ತುರುವೇಕೆರೆಗೂ ನಡುವೆ ಒಂದು ಕೆರೆಯ ಮೂಲೆಯನ್ನು ಕ್ಲಬ್ಬಿನವರು ಹಿಡಿದುಕೊಂಡಿದ್ದರು. ವಾರಕ್ಕೆ ಮೂರು ದಿನ ಅಲ್ಲಿ ಬಂದು ಕೂರುತ್ತೀಯಾ ಎಂದರು. ಸೈಕಲ್ಲುಗಳು ಹೋಗಿ ಸ್ಕೂಟರು ಬರುತ್ತಿದ್ದ ಕಾಲ, ಒಪ್ಪಿಕೊಂಡೆ.

ಮನೆಯಲ್ಲಿ ರಂಪವಾಯಿತು. ನಮ್ಮದು ಲಿಂಗಪೂಜೆಯ ಮನೆ. ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನೂ ಗೋಡೆಗೆ ಹಾಕದ ಅವ್ವ. ಅವಳು ಎರಡು ದಿನ ಮಾತು ಬಿಟ್ಟು ಮೂರನೇ ದಿನ ತೀರ್ಪು ಕೊಟ್ಟಳು. ಕೆಲಸ ಮಾಡು, ಆದರೆ ಮೀನಿನ ಕೋಲಾಗಲಿ ಅದರ ದಾರವಾಗಲಿ ನನ್ನ ಹೊಸ್ತಿಲು ದಾಟಬಾರದು, ತೋಟಕ್ಕೂ ಬರಬಾರದು, ನೀನು ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ಅವ್ವ ಹೋದ ಮೇಲೆ ನನ್ನ ಹೆಂಡತಿ ಶಾಂತಮ್ಮ ಅದೇ ಕಾನೂನನ್ನು ಒಂದಕ್ಷರ ಬದಲಾಯಿಸದೆ ನಡೆಸಿದಳು. ಹಾಗಾಗಿ ಎಂಥ ಕಷ್ಟದ ಮುರಿತವನ್ನೂ ನಾನು ಮನೆಗೆ ತಂದು ನಿಧಾನವಾಗಿ ಕೂತು ನೋಡಿದವನಲ್ಲ. ಎಲ್ಲವೂ ಏರಿಯ ಮೇಲಿನ ಹೊಂಗೆ ಮರದ ಕೆಳಗೆ, ಗಾಳಿಯಲ್ಲಿ, ದೂಳಿನಲ್ಲಿ. ಅಂಟು ಒಣಗುವ ಮೊದಲೇ ಮಳೆ ಬಂದರೆ ಅಂಗಿ ಬಿಚ್ಚಿ ಕೋಲಿಗೆ ಹೊದಿಸುತ್ತಿದ್ದೆ. ಇಷ್ಟು ವರ್ಷ ನಾನೊಂದು ಮೀನನ್ನೂ ಕೈಯಲ್ಲಿ ಮುಟ್ಟಲಿಲ್ಲ. ಅದಕ್ಕೆ ಹೆಮ್ಮೆಪಡುತ್ತಿದ್ದೆ, ಆ ಹೆಮ್ಮೆಯಿಂದಲೇ ಮರ್ಯಾದೆ ಕಳೆದುಕೊಂಡದ್ದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮುಂಚೆ ಸುಳ್ಳಿನ ವಿಷಯ. ಕೋಲು ತಂದುಕೊಡುವ ನೂರಕ್ಕೆ ತೊಂಬತ್ತು ಜನ ಸುಳ್ಳು ಹೇಳುತ್ತಾರೆ. ಇಷ್ಟುದ್ದದ ಕಾಟ್ಲಾ ಕಣ್ರೀ, ಎಳೆದ ರಭಸಕ್ಕೆ ಮುರಿದೇ ಹೋಯಿತು ಎಂದು ಎರಡೂ ಕೈ ಅಗಲಿಸುತ್ತಾರೆ. ನೀವು ಕೈ ನೋಡಬೇಡಿ, ಮುರಿತ ನೋಡಿ. ಮೀನು ಮುರಿದ ಕೋಲಿನಲ್ಲಿ ನಾರು ಸೀಳು ಸೀಳಾಗಿ ಉದ್ದಕ್ಕೆ ಎದ್ದಿರುತ್ತದೆ. ಕಾರಿನ ಬಾಗಿಲು ಮುರಿದ ಕೋಲು ಚಪ್ಪಟೆಯಾಗಿ ನುಜ್ಜಾಗಿರುತ್ತದೆ. ನನ್ನ ಲೆಕ್ಕದಲ್ಲಿ ಮೀನಿಗಿಂತ ಬಾಗಿಲು ಮುರಿದದ್ದೇ ಜಾಸ್ತಿ. ಬಾಗಿಲಿನ ನಂತರ ಕಾಲು. ನೆಲದ ಮೇಲೆ ಕೋಲಿಟ್ಟು, ಕಾಫಿ ಕುಡಿದು ಬಂದು ಅದರ ಮೇಲೇ ಕಾಲಿಡುತ್ತಾರೆ. ಆಮೇಲೆ ಕಂಪನಿಯನ್ನು ಬಯ್ಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸೆಕ್ರೆಟರಿಯವರದೇ ಒಂದು ಸಲ ಹೀಗಾಯಿತು. ಕ್ಲಬ್ಬಿನವರು ಬೋರನಕಣಿವೆಗೆ ಒಂದು ದಿನದ ಪ್ರವಾಸ ಹೋಗಿದ್ದರು, ನನ್ನನ್ನೂ ಚೀಲದ ಸಮೇತ ಕರೆದುಕೊಂಡಿದ್ದರು. ಕಾರಿನಿಂದಿಳಿಯುವಾಗ ಅವರು ತಮ್ಮ ಕೋಲಿನ ಮೇಲೇ ಬಾಗಿಲು ಹಾಕಿದ್ದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ಕಂಡೆ. ಹತ್ತು ಜನ ಅತಿಥಿಗಳ ಮುಂದೆ ಕೋಲು ಬಿಡಿಸಿದಾಗ ಅದು ಜೋತುಬಿತ್ತು. ಹೋದ ತಿಂಗಳು ಇವನು ಕಟ್ಟಿದ್ದು, ನೋಡಿ ಇವನ ಕೆಲಸ ಎಂದರು. ನಾನು ಕಟ್ಟಿದ್ದ ಕಟ್ಟು ಮೊಳ ಕೆಳಗೆ ಹಾಗೇ ಗಟ್ಟಿಯಾಗಿತ್ತು, ಯಾರೂ ನೋಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಹೌದು ಸಾರ್, ಕಟ್ಟಿಕೊಡ್ತೀನಿ ಸಾರ್ ಎಂದೆ. ಅವರು ಸುಳ್ಳು ಹೇಳಿದ್ದಕ್ಕಿಂತ ನಾನು ಹೌದು ಅಂದದ್ದು ಇವತ್ತಿಗೂ ಮೈ ಉರಿಸುತ್ತದೆ. ಆವತ್ತು ಒಂದು ಹೌದು ಅಂದೆ, ಆಮೇಲೆ ನನ್ನ ಬಾಯಿಗೆ ಅದೇ ರೂಢಿಯಾಯಿತು.

ಈಗ ನನ್ನ ಮರ್ಯಾದೆ ಹೋದ ಕಥೆ. ಇದು ನಡೆದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಕಟ್ಟಿದ ಕೋಲು ಗಟ್ಟಿಯಾಗಿದೆಯೇ ಎಂದು ಪರೀಕ್ಷೆ ಮಾಡಿಯೇ ಕೊಡಬೇಕಲ್ಲ. ನಮ್ಮ ಕಡೆಯವನಿಗೆ ಭಾರ ಅಂದರೆ ತಲೆಗೆ ಬರುವುದು ತೆಂಗಿನಕಾಯಿ. ಜುಟ್ಟು ಬಿಟ್ಟು ಸುಲಿದ ಕಾಯಿಗೆ ದಾರ ಕಟ್ಟಿ ಕೋಲಿನಲ್ಲಿ ಎತ್ತುವುದು, ತಡೆದರೆ ಎರಡು ಕಾಯಿ. ಅಷ್ಟನ್ನು ತಡೆದರೆ ಪಾಸು. ನೋಡಲು ಬಲು ಚೆನ್ನಾಗಿತ್ತು, ಸದಸ್ಯರು ಫೋಟೋ ಹಿಡಿಯುತ್ತಿದ್ದರು. ಒಬ್ಬ ಡಾಕ್ಟರ ಕೋಲು ಒಂದೇ ತಿಂಗಳಲ್ಲಿ ಮೂರು ಸಲ ಮುರಿದು ಬಂತು. ಮೂರು ಸಲವೂ ಎರಡು ಕಾಯಿ ಎತ್ತಿದ್ದ ಕೋಲು. ಈ ಸಲ ಮುರಿತದಲ್ಲಿ ಬಾಗಿಲಿನ ಗುರುತಿರಲಿಲ್ಲ, ನಾರು ಉದ್ದಕ್ಕೆ ಎದ್ದಿತ್ತು. ತಪ್ಪು ನನ್ನದೇ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸೆಕ್ರೆಟರಿ ಹೇಳಿದರು. ಅಷ್ಟರಲ್ಲಿ ಸೈಕಲ್ ಶಾಪನ್ನು ಮುಚ್ಚಿಬಿಟ್ಟಿದ್ದೆ.

ಕೆರೆಯ ಕೋಡಿಯ ಕಡೆ ಬೆಸ್ತರ ಮನೆಯ ತಿಮ್ಮಕ್ಕ ದಿನವೂ ಗಾಳ ಹಾಕಿಕೊಂಡು ಕೂತಿರುತ್ತಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಗಂಡ ಸತ್ತ ಮೇಲೆ ಬಲೆಯನ್ನು ಮೈದುನರು ಒಯ್ದರಂತೆ, ಇವಳಿಗೆ ಉಳಿದದ್ದು ಬಿದಿರಿನ ಕೋಲೊಂದು. ಅದರಲ್ಲಿ ಹಿಡಿದ ಜಿಲೇಬಿ ಮೀನು, ಗೆಂಡೆಗಳನ್ನು ಬುಟ್ಟಿಯಲ್ಲಿಟ್ಟು ತಿನ್ನುವವರ ಮನೆಗಳಿಗೆ ಕೊಟ್ಟು ಬದುಕುತ್ತಿದ್ದಳು. ಆವತ್ತು ನಾನು ಮತ್ತೆ ಕಾಯಿ ಎತ್ತುತ್ತಿದ್ದುದನ್ನು ನೋಡಿ ಎದ್ದು ಬಂದಳು.

“ಕಾಯಿ ತೂಗ್ತದೆ ಕಣಪ್ಪ, ಮೀನು ಎಳೀತದೆ. ತೂಗೋದೇ ಬ್ಯಾರೆ, ಎಳಿಯೋದೇ ಬ್ಯಾರೆ. ಕಾಯಿಗೇನು ಜೀವ್ದಾಸೆ ಐತಾ?” ಎಂದಳು.

ಮೀನು ಎಳೆಯುವುದು ಹೇಗೆ ಎಂದು ನನಗೇನು ಗೊತ್ತು, ನಾನು ಅದನ್ನು ಮುಟ್ಟುವವನಲ್ಲ ಎಂದೆ. ಅದನ್ನು ಸ್ವಲ್ಪ ಬಿಗುಮಾನದಿಂದಲೇ ಹೇಳಿರಬೇಕು. ಅವಳು ನಕ್ಕಳು. “ಬುಡು, ನೀನು ಮುಟ್ಟಬ್ಯಾಡ. ನಾನೇ ಮೀನಾಯ್ತೀನಿ, ಕೋಲು ಹಿಡ್ಕ.”

ಸೆರಗನ್ನು ಅಂಗೈಗೆ ಸುತ್ತಿಕೊಂಡು ಅದರ ಮೇಲೆ ದಾರ ಸುತ್ತಿಕೊಂಡಳು. ಏರಿಯ ಮೇಲೆ ನಡೆದಳು, ನಿಂತಳು, ತಟ್ಟನೆ ಓಡಿದಳು. ನಾನು ಕೋಲು ಎತ್ತಿ ಹಿಡಿಯುವಷ್ಟರಲ್ಲಿ ನನ್ನ ಕಡೆಗೇ ಓಡಿ ಬಂದು ದಾರ ಸಡಿಲ ಮಾಡಿ, ಮತ್ತೆ ಪಕ್ಕಕ್ಕೆ ತಿರುಗಿ ಜಗ್ಗಿದಳು. ಎರಡನೇ ಜಗ್ಗಿಗೇ ಕೋಲು ಚಟ್ ಎಂದಿತು. ಅವಳು ಮುರಿದ ಜಾಗವನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಕಟ್ಟಿದ ಜಾಗ ಹಾಗೇ ಇತ್ತು. ಕಟ್ಟು ಮುಗಿದ ಕಡೆ, ಒಳಗಿನ ಸೈಕಲ್ ಕಡ್ಡಿ ನಿಂತ ಕಡೆ ಮುರಿದಿತ್ತು. ಇಲ್ಲಿ ಕಬ್ಬಿಣ ಅಲ್ಲಾಡಕಿಲ್ಲ, ಪಕ್ಕದಾಗೆ ಕೋಲು ಬಾಗ್ತದೆ, ಎರಡೂ ಸೇರೋ ಜಾಗ ಪಾಪ ಏನು ಮಾಡ್ತದೆ ಎಂದಳು. ಕಬ್ಬಿಣ ತೆಗೆದುಹಾಕಿ ಬಿದಿರಿನ ಕಡ್ಡಿಯನ್ನು ಎರಡೂ ತುದಿಗೆ ಸಣ್ಣಗೆ ಹೆರೆದು ಹಾಕು, ದಾರವನ್ನು ನಡುವೆ ಬಿಗಿಯಾಗಿ ಸುತ್ತಿ ಕೊನೆಕೊನೆಗೆ ತೆಳ್ಳಗೆ ಬಿಡು, ಕೋಲು ಬಾಗಿದರೆ ಕಟ್ಟೂ ಜೊತೆಗೆ ಬಾಗಬೇಕು ಎಂದು ತೋರಿಸಿಕೊಟ್ಟಳು. ಹೊಸಬರೇ, ನನ್ನ ವಿದ್ಯೆಯೆಲ್ಲ ಇಷ್ಟೇ. ನಿಮ್ಮ ಯೂಟ್ಯೂಬಿನಲ್ಲಿ ಇದನ್ನೇ ಅರ್ಧ ಗಂಟೆ ಹೇಳುತ್ತಾರೆ.

ಅಂದಿನಿಂದ ಹದಿನಾರು ವರ್ಷ ತಿಮ್ಮಕ್ಕನೇ ನನ್ನ ಮೀನು. ಕೋಲು ಕಟ್ಟಿ ಮುಗಿದ ಕೂಡಲೇ ಕೋಡಿಯ ಕಡೆ ಕೂಗುತ್ತಿದ್ದೆ, ಅವಳು ತನ್ನ ಕೋಲನ್ನು ಕಲ್ಲಿಗೆ ಒರಗಿಸಿ ಬಂದು ಎಳೆಯುತ್ತಿದ್ದಳು. ಇದು ರೋಹು ಎಳಿಯೋ ಹಂಗೆ, ಇದು ಕೊರವ ಎಳಿಯೋ ಹಂಗೆ ಎಂದು ಬೇರೆ ಬೇರೆ ಎಳೆದು ತೋರಿಸುತ್ತಿದ್ದಳು. ನನ್ನ ಕಟ್ಟು ಬಿಟ್ಟುಕೊಂಡಿತು ಎಂಬ ನಿಜವಾದ ದೂರು ಆಮೇಲೆ ಬರಲಿಲ್ಲ. ಒಳ್ಳೆ ಕೈ ಎಂದು ಬೆಂಗಳೂರಿನವರೆಗೂ ಹೆಸರಾಯಿತು. ಆ ಹೆಸರಿನಲ್ಲಿ ತಿಮ್ಮಕ್ಕನ ಪಾಲೆಷ್ಟು ಎಂದು ನಾನು ಒಬ್ಬ ಸದಸ್ಯರ ಹತ್ತಿರವೂ ಬಾಯಿ ಬಿಡಲಿಲ್ಲ.

ನಡುವೆ ಕೆಲಸದ ರೀತಿ ಬದಲಾಯಿತು. ಫೈಬರ್ ಹೋಗಿ ಕಾರ್ಬನ್ ಬಂತು. ಕಾರ್ಬನ್ ಕೋಲು ಹಗುರ, ನಾಜೂಕು, ಮುರಿದರೆ ಅದರ ಸಿಬಿರು ಅಂಗೈಗೆ ಹೊಕ್ಕು ವಾರವಾದರೂ ಬರುವುದಿಲ್ಲ. ಮರಳುಕಾಗದದಲ್ಲಿ ಉಜ್ಜುವಾಗ ಒದ್ದೆ ಮಾಡಿಯೇ ಉಜ್ಜಿ, ಒಣದಾಗಿ ಉಜ್ಜಿ ಆ ಪುಡಿಯನ್ನು ಮೂಗಿಗೆ ಎಳೆದುಕೊಳ್ಳಬೇಡಿ. ಬೆಂಕಿಯನ್ನು ಹತ್ತಿರ ಹಿಡಿದರೆ ಕೋಲೇ ಸತ್ತುಹೋಗುತ್ತದೆ, ದೂರದಿಂದ ಕಾಯಿಸಿ. ಇನ್ನೊಂದು, ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ನಮ್ಮ ತೋಟಗಳಲ್ಲಿ ಪಂಪ್‌ಸೆಟ್ಟಿನ ವೈರು ಕೈಗೆಟುಕುವ ಹಾಗೆ ಜೋತಾಡುತ್ತಿರುತ್ತದೆ. ಒಬ್ಬ ಮಹಾನುಭಾವ ಹದಿನೈದಡಿ ಕೋಲನ್ನು ನೆಟ್ಟಗೆ ಎತ್ತಿಕೊಂಡು ಮೊಬೈಲು ನೋಡುತ್ತಾ ವೈರಿನ ಕಡೆಗೇ ನಡೆದಿದ್ದ. ಕೂಗಿದೆ, ಕೇಳಿಸಲಿಲ್ಲ. ಓಡಿಹೋಗಿ ಅವನನ್ನು ತಳ್ಳಿ ಬೀಳಿಸಿದೆ. ಅವನು ಎದ್ದವನೇ ಕೋಲಿಗೆ ಗೀರು ಬಿತ್ತು ಎಂದು ನನ್ನ ಮೇಲೆ ದೂರು ಕೊಟ್ಟ. ಇಂಥವರಿಗೂ ಕೋಲು ಕಟ್ಟಿಕೊಡಬೇಕು. ಕಟ್ಟಿಕೊಡಿ, ಆದರೆ ಪ್ರೀತಿಯಿಂದ ಕಟ್ಟಬೇಕು ಎಂದೇನಿಲ್ಲ.

ಇಷ್ಟರವರೆಗೆ ಬರೆದದ್ದು ಸುಲಭದ್ದು. ಇನ್ನು ಮುಂದಿನದಕ್ಕೇ ನಾನು ಈ ಹಾಳೆ ಹಿಡಿದದ್ದು.

ಹದಿನೇಳನೇ ವರ್ಷ ಕ್ಲಬ್ಬಿನವರು ಮೂಲೆ ಬಿಟ್ಟು ಇಡೀ ಕೆರೆಯನ್ನೇ ಗುತ್ತಿಗೆಗೆ ತೆಗೆದುಕೊಂಡರು. ಹೇಮಾವತಿ ನಾಲೆಯ ನೀರು ಬಂದು ಕೆರೆ ತುಂಬಿತ್ತು, ಮೀನಿನ ಮರಿ ಬಿಟ್ಟಿದ್ದರು. ಊರಿನವರು ಗಾಳ ಹಾಕುವಂತಿಲ್ಲ ಎಂದು ಬೋರ್ಡು ನೆಟ್ಟರು. ಬೋರ್ಡು ನೆಟ್ಟ ಮೇಲೂ ತಿಮ್ಮಕ್ಕ ಬರುತ್ತಿದ್ದಳು, ಯಾರೂ ತಡೆಯಲಿಲ್ಲ. ಕೋಡಿಯ ಕಲ್ಲಿನ ಮೇಲೆ ಕೂತ ಒಂದು ಮುದುಕಿ, ರಾಗಿಹಿಟ್ಟಿನ ಉಂಡೆ, ಬಿದಿರಿನ ಕೋಲು, ಇದರಿಂದ ಕ್ಲಬ್ಬಿನ ಕೆರೆ ಬರಿದಾಗುತ್ತಿತ್ತೇ?

ಒಂದು ಭಾನುವಾರ ಸೆಕ್ರೆಟರಿ ದೊಡ್ಡ ಅತಿಥಿಗಳನ್ನು ಕರೆತಂದಿದ್ದರು. ಬೆಳಗಿನಿಂದ ಹನ್ನೊಂದರವರೆಗೆ ಅವರ ಯಾವ ಕೋಲಿಗೂ ಒಂದು ಮೀನು ಬಾಯಿ ಹಾಕಲಿಲ್ಲ. ಅಷ್ಟರಲ್ಲಿ ಕೋಡಿಯ ಕಡೆ ನೀರು ಕದಡಿತು. ತಿಮ್ಮಕ್ಕ ಎದ್ದು ನಿಂತು ಕಾಲುಗಂಟೆ ಆಡಿಸಿ ಒಂದು ಕಾಟ್ಲಾ ಎಳೆದಳು. ಅತಿಥಿಗಳು ತಮ್ಮ ಕೋಲು ಬಿಟ್ಟು ಅವಳ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು, ನೀವೂ ಬಿದಿರಿನದೇ ತಗೊಳ್ಳಿ ಸೆಕ್ರೆಟರಿಗಳೇ ಎಂದು ನಕ್ಕರು. ಆ ನಗುವೇ ತಿಮ್ಮಕ್ಕನಿಗೆ ಮುಳುವಾಯಿತು.

ಸೆಕ್ರೆಟರಿ ಅವಳ ಕೈಯಿಂದ ಕೋಲು ಕಿತ್ತುಕೊಂಡರು. ನನ್ನನ್ನು ಕರೆದರು. ನಾವಿಬ್ಬರೂ ಹೊಂಗೆ ಮರದ ಕೆಳಗೆ ಮಾತಾಡುವುದನ್ನು ವರ್ಷಗಟ್ಟಲೆ ನೋಡಿದ್ದವರು ಅವರು, ಬೇಕೆಂದೇ ನನ್ನನ್ನು ಕರೆದರು.

“ಪರಮೇಶೀ, ಹೇಗೆ ಮುರಿದರೆ ಮತ್ತೆ ಕಟ್ಟೋಕಾಗಲ್ಲ ಅಂತ ನಿನಗೆ ಗೊತ್ತಿರುತ್ತಲ್ಲ. ಹಾಗೆ ಮುರಿ.”

ಏರಿಯ ಮೇಲೆ ಹದಿನೈದು ಜನ ಇದ್ದರು. ತಿಮ್ಮಕ್ಕ ನನ್ನ ಮುಖ ನೋಡುತ್ತಿದ್ದಳು. ಅವಳು ಬೇಡ ಎನ್ನಲಿಲ್ಲ. ನಾನು ಆಗುವುದಿಲ್ಲ ಎನ್ನುತ್ತೇನೆ ಎಂದೇ ಅವಳು ನಂಬಿದ್ದಳು ಎಂದು ನನಗೆ ಈಗ ಅನ್ನಿಸುತ್ತದೆ. ನಾನು ಕೋಲು ತೆಗೆದುಕೊಂಡೆ. ತೆಗೆದುಕೊಂಡ ಕೂಡಲೇ ನನ್ನ ಹಾಳು ಬುದ್ಧಿ ಕೆಲಸ ಮಾಡತೊಡಗಿತು. ಗೆಣ್ಣು ಬಿಟ್ಟು ನಡುವೆ ತಿರುಚಿದರೆ ಬಿದಿರು ಉದ್ದಕ್ಕೆ ಸೀಳಿ ಹಾಳಾಗುತ್ತದೆ. ಗೆಣ್ಣಿನ ಪಕ್ಕದಲ್ಲೇ ಮಂಡಿ ಕೊಟ್ಟು ಮುರಿದರೆ ಚಿಕ್ಕದಾಗಿ ಮುರಿಯುತ್ತದೆ, ಆಮೇಲೆ ಕಟ್ಟಬಹುದು. ನಾನು ಗೆಣ್ಣು ಹುಡುಕಿ, ಅದರ ಪಕ್ಕ ಮಂಡಿ ಕೊಟ್ಟು ಮುರಿದೆ. ಸೆಕ್ರೆಟರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಕೆಲಸವೂ ಉಳಿಯಿತು, ಕೋಲೂ ಉಳಿಯಿತು ಎಂದು ಒಳಗೊಳಗೇ ಬೀಗಿದೆ. ಥೂ ನನ್ನ ಜಾಣತನಕ್ಕೆ.

ತಿಮ್ಮಕ್ಕ ಬುಟ್ಟಿಯನ್ನೂ ಮೀನನ್ನೂ ಅಲ್ಲೇ ಬಿಟ್ಟು ಏರಿ ಇಳಿದು ಹೋದಳು. ಅತಿಥಿಗಳು ಹೊರಟ ಮೇಲೆ ನಾನು ಎರಡೂ ತುಂಡು, ಅಂಟು, ದಾರ ತೆಗೆದುಕೊಂಡು ಅವಳ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ನಾನು ತುಂಡುಗಳನ್ನು ಜೋಡಿಸಿ ತೋರಿಸಿ, ನೋಡಕ್ಕ, ಗೆಣ್ಣಿನ ಪಕ್ಕದಲ್ಲೇ ಮುರಿದಿದ್ದೀನಿ, ಒಂದು ಗಂಟೆಯಲ್ಲಿ ಮೊದಲಿನ ಹಂಗೇ ಮಾಡಿಕೊಡ್ತೀನಿ ಎಂದೆ. ಅವಳು ಶಹಭಾಸ್ ಅನ್ನುತ್ತಾಳೆ ಎಂದುಕೊಂಡಿದ್ದೆ. ಅಷ್ಟು ದಡ್ಡ ನಾನು.

ಅವಳು ಮೊರ ಕೆಳಗಿಟ್ಟಳು. “ನೀನು ಎಲ್ಲಿ ಮುರುದೆ ಅನ್ನೋದನ್ನ ನಾನು ಕೇಳ್ಲಿಲ್ಲ ಪರ್ಮೇಶಪ್ಪ. ಒಯ್ಯಿ ಅದನ್ನ.”

ನಾಳೆಯಿಂದ ಏನು ಮಾಡುತ್ತೀಯಕ್ಕ ಎಂದು ಕೇಳಿದೆ. ಮೊರ ಎತ್ತಿಕೊಂಡು ಒಳಗೆ ಹೋದಳು. ಆ ವಾರವೇ ತುರುವೇಕೆರೆ ರಸ್ತೆಯ ಒಂದು ಮಂಡಿಯಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುವ ಕೂಲಿಗೆ ಸೇರಿದಳು ಎಂದು ಕೇಳಿದೆ. ನೀರಿನ ಪಕ್ಕ ಒಬ್ಬಳೇ ಕೂತು ತನ್ನ ಇಷ್ಟದ ಹೊತ್ತಿಗೆ ಏಳುತ್ತಿದ್ದ ಹೆಂಗಸು, ಮೇಸ್ತ್ರಿಯ ಕೂಗಿಗೆ ಏಳುವ ಹಾಗಾಯಿತು. ಬಸ್ಸಿನಲ್ಲಿ ಎದುರಾದರೆ ಕಿಟಕಿಯ ಕಡೆ ತಿರುಗುತ್ತಿದ್ದಳು.

ಆ ಸಂಜೆಯೇ ಕೆಲಸ ಬಿಸಾಕಿ ಬಂದೆ ಎಂದು ಬರೆಯಲು ನನಗೂ ಆಸೆ. ಬಿಡಲಿಲ್ಲ. ಒಂಬತ್ತು ವರ್ಷ ಅದೇ ಹೊಂಗೆ ಮರದ ಕೆಳಗೆ ಕೂತು ಅದೇ ಮನುಷ್ಯನ ಕೋಲು ಕಟ್ಟಿದೆ. ತೋಟ ಇತ್ತು, ಕಾಯಿ ಬರುತ್ತಿತ್ತು, ಹೊಟ್ಟೆಗೆ ಕಡಿಮೆ ಇರಲಿಲ್ಲ. ಹೊಟ್ಟೆಪಾಡು ಎಂದು ಹೇಳಿಕೊಳ್ಳಲಿಕ್ಕೂ ನನಗೆ ದಾರಿಯಿಲ್ಲ. ಒಳ್ಳೆ ಕೈ ಎಂದು ಜನ ಹೇಳುತ್ತಿದ್ದರಲ್ಲ, ಅದನ್ನು ಬಿಡಲಾಗಲಿಲ್ಲ. ಕಟ್ಟಿದ ಕೋಲನ್ನು ಪರೀಕ್ಷೆ ಮಾಡಲು ಈಗ ಮೀನಿರಲಿಲ್ಲ. ದಾರವನ್ನು ಹೊಂಗೆ ಮರಕ್ಕೆ ಕಟ್ಟಿ ನಾನೇ ಜಗ್ಗುತ್ತಿದ್ದೆ. ಮರ ಎಳೆಯುವುದಿಲ್ಲ. ನಾನು ಎಳೆದಷ್ಟಕ್ಕೆ ನಿಂತಿರುತ್ತದೆ.

ಕೋಲಿನ ತುಂಡುಗಳನ್ನು ಏನು ಮಾಡಿದೆ ಎಂದರೆ, ಮನೆಗೆ ತಂದೆ. ಇಪ್ಪತ್ತಾರು ವರ್ಷದಲ್ಲಿ ಅವ್ವನ ಕಾನೂನು ಮುರಿದದ್ದು ಅದೊಂದೇ ಸಲ. ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ, ಕಾಯಿ ಕೀಳುವ ದೋಟಿಯ ತುಂಡು ಎಂದು ಶಾಂತಮ್ಮನಿಗೆ ಹೇಳಿದೆ. ದನಗಳಿಗೆ ಸೊಳ್ಳೆ ಕಚ್ಚದಿರಲಿ ಎಂದು ಹಾಕುವ ಹೊಗೆ ಕುಡಿದು ಕುಡಿದು ಅವು ಕಪ್ಪಾದವು. ಹುಳ ಹಿಡಿಯಲಿಲ್ಲ.

ನಿವೃತ್ತಿಯ ದಿನ ಶಾಲು ಹೊದಿಸಿ, ಒಂದು ಕಾರ್ಬನ್ ಕೋಲನ್ನು ಕೊಡುಗೆಯಾಗಿ ಕೊಟ್ಟರು. ನಾನು ಅದನ್ನು ಮನೆಗೆ ಒಯ್ಯುವಂತಿಲ್ಲ ಎಂಬುದು ಅಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸೆಕ್ರೆಟರಿ ಭಾಷಣದಲ್ಲಿ ಪರಮೇಶಿ ನನಗೆ ಒಂದು ಸಲವೂ ಇಲ್ಲ ಅಂದವನಲ್ಲ ಎಂದರು. ಎಲ್ಲರೂ ಕೈ ತಟ್ಟಿದರು. ಅಂಥ ಬೈಗುಳವನ್ನು ನನಗೆ ಅದುವರೆಗೆ ಯಾರೂ ಬೈದಿರಲಿಲ್ಲ. ಕೋಲನ್ನು ಅವರ ಕಾರಿನಲ್ಲೇ ಬಿಟ್ಟು ಬಂದೆ.

ಹೋದ ವರ್ಷ ಕ್ಲಬ್ಬಿನ ಗುತ್ತಿಗೆ ಮುಗಿಯಿತು. ಅವರು ಬೇರೆ ಕೆರೆಗೆ ಹೋದರು, ನೀವು ಮೂವರು ಸೇರಿರುವುದು ಅಲ್ಲಿಗೆ. ನಮ್ಮ ಕೆರೆಯ ಬೋರ್ಡನ್ನು ಯಾರೋ ಕಿತ್ತು ದನದ ದೊಡ್ಡಿಯ ಬಾಗಿಲಿಗೆ ಅಡ್ಡ ಇಟ್ಟರು. ಅದನ್ನು ಕಂಡ ದಿನ ನಾನು ಸೂರಿನಿಂದ ತುಂಡುಗಳನ್ನು ಇಳಿಸಿ, ಮನೆಯ ಜಗಲಿಯ ಮೇಲೇ ಹಾಕಿಕೊಂಡು ಕೂತೆ. ಶಾಂತಮ್ಮ ಬಂದು ನಿಂತಳು. ದೋಟಿ ರಿಪೇರಿ ಎಂದೆ.

“ದೋಟಿಗೆ ಗಾಳದ ದಾರ ಯಾಕೆ ಸುತ್ತಿದೆ ಅಂತ ನಾನು ಇಷ್ಟು ವರ್ಷ ಕೇಳಿದ್ನಾ?” ಎಂದು ಅವಳು ನನ್ನ ಪಕ್ಕ ಒಂದು ಚೊಂಬು ನೀರಿಟ್ಟು ಒಳಗೆ ಹೋದಳು.

ಎರಡೂ ತುಂಡನ್ನು ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿದೆ. ಟೊಳ್ಳಿನೊಳಗೆ ಅಡಿಕೆ ದಬ್ಬೆಯ ಕಡ್ಡಿಯನ್ನು ಎರಡೂ ತುದಿಗೆ ಸಣ್ಣಗೆ ಹೆರೆದು ಹಾಕಿದೆ. ನಡುವೆ ಬಿಗಿ, ಕೊನೆಗೆ ತೆಳ್ಳಗೆ. ಎರಡು ದಿನ ಹಿಡಿಯಿತು. ನಾನು ಇದುವರೆಗೆ ಕಟ್ಟಿದ್ದರಲ್ಲೆಲ್ಲ ಅಷ್ಟು ಸಾವಕಾಶವಾಗಿ, ನೆರಳಿನಲ್ಲಿ ಕೂತು ಕಟ್ಟಿದ ಕೋಲು ಅದೊಂದೇ.

ತಿಮ್ಮಕ್ಕನಿಗೆ ಈಗ ಎಪ್ಪತ್ತು ದಾಟಿದೆ, ಕೊಬ್ಬರಿ ಕೆಲಸ ಬಿಟ್ಟಿದ್ದಾಳೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕೋಲು ಹಿಡಿದುಕೊಂಡು ಅವಳ ಅಂಗಳದಲ್ಲಿ ನಿಂತೆ. ತಪ್ಪಾಯ್ತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಮಾತಿಗೆ ಅವಕಾಶ ಕೊಡಲಿಲ್ಲ. ಕೋಲು ಇಸಕೊಂಡು ಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದಳು, ಕೊನೆಯಲ್ಲಿ ತೆಳ್ಳಗಾಗಿದೆಯೇ ಎಂದು ಉಗುರಿನಲ್ಲಿ ನೋಡಿದಳು. ಆಮೇಲೆ ದಾರದ ತುದಿಯನ್ನು ನನ್ನ ಕಡೆ ಚಾಚಿದಳು.

“ಹಿಡ್ಕ. ಈಗ ನೀನು ಮೀನಾಗು.”

ನಾನು ಅಂಗೈಗೆ ದಾರ ಸುತ್ತಿಕೊಂಡೆ, ಬಟ್ಟೆ ಹಾಕಿಕೊಳ್ಳಲು ಮರೆತೆ. ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ಮೆಲ್ಲಗೆ ಎಳೆದೆ. ಮುದುಕಿ, ಬಿದ್ದಾಳು ಎಂದು ಭಯ. ಎಳಿ ಎಂದಳು. ಇನ್ನೂ ಸ್ವಲ್ಪ ಎಳೆದೆ. ಕೋಲು ಬಾಗಿತು. ಸರಿಯಾಗಿ ಎಳಿ ಎಂದಳು. ಸಿಟ್ಟು ಬಂತು. ಅವಳ ಮೇಲಲ್ಲ, ಸೆಕ್ರೆಟರಿಯ ಮೇಲೆ, ಹದಿನೈದು ಜನರ ಮೇಲೆ, ಗೆಣ್ಣು ಹುಡುಕಿದ ನನ್ನ ಮಂಡಿಯ ಮೇಲೆ. ತಿರುಗಿ ಓಡಿದೆ, ಪಕ್ಕಕ್ಕೆ ಜಗ್ಗಿದೆ, ಇದ್ದ ಬಲವೆಲ್ಲ ಹಾಕಿ ಎಳೆದೆ. ಕೋಲು ಬಿಲ್ಲಿನಂತೆ ಬಗ್ಗಿತು, ಕಟ್ಟೂ ಅದರ ಜೊತೆಗೇ ಬಗ್ಗಿತು, ಎಲ್ಲೂ ಚಟ್ ಎನ್ನಲಿಲ್ಲ. ಅವಳು ಕಾಲೂರಿ ನಿಂತಿದ್ದಳು.

“ಹಿಂಗೆ ಎಳೀಬೇಕಾಗಿತ್ತು ಕಣಪ್ಪ, ಅವತ್ತು,” ಎಂದಳು.

ಅವಳು ಕೋಲು ತಗ್ಗಿಸಿ ದಾರ ಸಡಿಲ ಮಾಡಿದಳು, ನನ್ನ ಕೈಯಿಂದ ತುದಿ ಬಿಡಿಸಿಕೊಂಡು ಕೋಲಿಗೆ ಸುತ್ತಿದಳು. ರಾಗಿಹಿಟ್ಟು ತರಲು ಒಳಗೆ ಹೋದಳು. ನನ್ನ ಅಂಗೈಯಲ್ಲಿ ದಾರ ಕೊಯ್ದ ಗೆರೆಯಿಂದ ರಕ್ತ ಬರುತ್ತಿತ್ತು.